ಮಳೆಯ ತಲೆಗೆ ಕಟ್ಟುವ ಮುನ್ನ: ತೋಟದ ತೀರ್ಮಾನಗಳಿಗೊಂದು ಪುಸ್ತಕ ಇಡುವ ಬಗೆ

ಮಲೆನಾಡಿನಲ್ಲಿ ಯಾವ ನಷ್ಟಕ್ಕೂ ಒಂದು ಕಾರಣ ಸಿದ್ಧವಾಗಿ ಕಾದಿರುತ್ತದೆ: ಮಳೆ. ಅಡಿಕೆಗೆ ಕೊಳೆ ಬಂದರೆ ಮಳೆ ಹೆಚ್ಚಾಯಿತು, ಕಾಫಿ ಹೂ ಸರಿಯಾಗಿ ಅರಳದಿದ್ದರೆ ಮಳೆ ಸಾಲದಾಯಿತು, ಕಣದಲ್ಲಿ ಹಣ್ಣು ಬೂಷ್ಟು ಹಿಡಿದರೆ ಮಳೆ ಹೊತ್ತಲ್ಲದ ಹೊತ್ತಿನಲ್ಲಿ ಬಂತು. ಹಲವು ಸಲ ಅದು ನಿಜವೂ ಹೌದು. ಆದರೆ ಎಲ್ಲ ವರ್ಷಕ್ಕೂ ಹೊಂದುವ ಕಾರಣದಿಂದ ಯಾವ ವರ್ಷದ ನಷ್ಟವೂ ಅರ್ಥವಾಗುವುದಿಲ್ಲ. ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ) ಹೊಡೆದದ್ದು ಹದಿನೈದು ದಿನ ತಡವಾಗಿತ್ತೋ, ಸುಣ್ಣ ಹಳತಾಗಿತ್ತೋ, ನಿಜಕ್ಕೂ ಮಳೆಯೇ ಕೈಕೊಟ್ಟಿತೋ ಎಂಬುದು ಕೊಯ್ಲಿನ ಹೊತ್ತಿಗೆ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ನೆನಪಿದೆ ಎಂದುಕೊಂಡಿದ್ದರೂ ಅದು ಆಮೇಲೆ ತಿದ್ದಿದ ನೆನಪು.

ಈ ತಿದ್ದುಪಡಿಯನ್ನು ತಡೆಯಲು ಒಂದು ಪುಸ್ತಕ ಇಡುವ ಕ್ರಮ ಇಲ್ಲಿದೆ. ಮೂಡಿಗೆರೆ, ಸಕಲೇಶಪುರದ ಕಾಫಿ ಬೆಳೆಗಾರರನ್ನೂ ಕೊಪ್ಪ, ಶೃಂಗೇರಿಯ ಅಡಿಕೆಯವರನ್ನೂ ಹಾಸನ ಸುತ್ತಿನ ಆಲೂಗಡ್ಡೆ ರೈತರನ್ನೂ ಮನಸ್ಸಿನಲ್ಲಿಟ್ಟು ಬರೆದದ್ದು.

ಮನಸ್ಸು ಮಾಡುವ ಕೆಲಸ

ತನ್ನ ತಪ್ಪನ್ನು ಸಮರ್ಥಿಸಿಕೊಳ್ಳುವವನು ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡರೆ ಇಡೀ ವಿಷಯ ತಪ್ಪಾಗಿ ಅರ್ಥವಾಗುತ್ತದೆ. ಸುಳ್ಳು ಹೇಳುವವನಿಗೆ ನಿಜ ಗೊತ್ತಿರುತ್ತದೆ. ಇವನಿಗೆ ಗೊತ್ತಿರುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1957ರಲ್ಲಿ ಇದಕ್ಕೊಂದು ಸಿದ್ಧಾಂತ ಕೊಟ್ಟ: ಒಂದಕ್ಕೊಂದು ಹೊಂದದ ಎರಡು ತಿಳಿವಳಿಕೆ ತಲೆಯೊಳಗೆ ಒಟ್ಟಿಗಿದ್ದರೆ ಕಸಿವಿಸಿ ಹುಟ್ಟುತ್ತದೆ, ಮನಸ್ಸು ಎರಡರಲ್ಲಿ ಒಂದನ್ನು ಬದಲಿಸಿ ಅದನ್ನು ಕಳೆದುಕೊಳ್ಳುತ್ತದೆ. ‘ನಾನು ಮೂವತ್ತು ವರ್ಷದ ಅನುಭವಸ್ಥ’ ಎಂಬುದೂ ‘ನಾನು ನೆರಳು ಮರ ಕಡಿಸಿ ತೋಟ ಹಾಳು ಮಾಡಿದೆ’ ಎಂಬುದೂ ಜೊತೆಗಿರಲಾರವು. ಮೊದಲನೆಯದನ್ನು ಬಿಡುವುದು ಕಷ್ಟ, ಎರಡನೆಯದನ್ನು ‘ಬಿಸಿಲು ಈ ಸಲ ವಿಪರೀತ’ ಎಂದು ತಿದ್ದುವುದು ಸುಲಭ.

1959ರಲ್ಲಿ ಫೆಸ್ಟಿಂಜರ್ ಮತ್ತು ಕಾರ್ಲ್‌ಸ್ಮಿತ್ ವಿದ್ಯಾರ್ಥಿಗಳಿಂದ ಒಂದು ಗಂಟೆ ಬೇಸರದ ಕೆಲಸ ಮಾಡಿಸಿ, ‘ತುಂಬ ಚೆನ್ನಾಗಿತ್ತು’ ಎಂದು ಮುಂದಿನವರಿಗೆ ಹೇಳಿಸಿದರು. ಹಾಗೆ ಹೇಳಲು ಕೆಲವರಿಗೆ ಒಂದು ಡಾಲರ್, ಕೆಲವರಿಗೆ ಇಪ್ಪತ್ತು ಡಾಲರ್. ಆಮೇಲೆ ಕೇಳಿದಾಗ ಕೆಲಸ ನಿಜಕ್ಕೂ ಹಿಡಿಸಿತು ಎಂದವರು ಒಂದು ಡಾಲರಿನವರು. ಇಪ್ಪತ್ತು ಪಡೆದವರಿಗೆ ‘ದುಡ್ಡಿಗಾಗಿ ಹೇಳಿದೆ’ ಎಂಬ ನೆಪ ಕೈಯಲ್ಲಿತ್ತು. ಒಂದು ಡಾಲರಿನವರಿಗೆ ಅದೂ ಇರಲಿಲ್ಲ, ಹಾಗಾಗಿ ಅಭಿಪ್ರಾಯವನ್ನೇ ಬದಲಿಸಿಕೊಂಡರು. ಯಾರ ಒತ್ತಾಯವೂ ಇಲ್ಲದೆ ನಾವೇ ಮಾಡಿದ ತೀರ್ಮಾನವನ್ನು ಅಷ್ಟು ಗಟ್ಟಿಯಾಗಿ ಸಮರ್ಥಿಸುವುದು ಇದೇ ಕಾರಣಕ್ಕೆ. ಬ್ಯಾಂಕಿನವರು ಬಲವಂತ ಮಾಡಿ ಹಾಕಿಸಿದ ಬೆಳೆ ಕೆಟ್ಟರೆ ಎರಡೇ ದಿನದಲ್ಲಿ ‘ಅದು ತಪ್ಪು’ ಎನ್ನುತ್ತೇವೆ.

ಎಷ್ಟು ಬೇಗ ಇದು ನಡೆಯುತ್ತದೆ ಎಂಬುದನ್ನು 1968ರಲ್ಲಿ ನಾಕ್ಸ್ ಮತ್ತು ಇಂಕ್‌ಸ್ಟರ್ ಕೆನಡಾದ ಕುದುರೆ ಪಂದ್ಯದ ಕಟ್ಟೆಯಲ್ಲಿ ಅಳೆದರು. ಎರಡು ಡಾಲರ್ ಕಟ್ಟಲು ಸಾಲಿನಲ್ಲಿ ನಿಂತವರು ತಮ್ಮ ಕುದುರೆಗೆ ಗೆಲ್ಲುವ ಅವಕಾಶ ಏಳಕ್ಕೆ ಸರಾಸರಿ 3.48 ಎಂದರು. ಆಗತಾನೇ ಕಟ್ಟಿ ಈಚೆ ಬಂದವರು 4.81 ಎಂದರು. ಕುದುರೆ ಅದೇ, ಮಧ್ಯೆ ಕಳೆದದ್ದು ಅರ್ಧ ನಿಮಿಷದಷ್ಟು ಹೊತ್ತು. ಬೀಜದ ಆಲೂಗಡ್ಡೆಯ ಮೂಟೆ ಗಾಡಿಗೆ ಹೇರಿದ ಮೇಲೆ ಅದರ ಬಗ್ಗೆ ಕೇಳಿದರೆ ಉತ್ತರ ಏನೆಂದು ಊಹಿಸಿಕೊಳ್ಳಿ.

ನೆನಪಿನ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಹೋಗುವ ಮುನ್ನ, ಯಾವ ಯಾವ ಫಲ ಬರಬಹುದು ಎಂದು ಫಿಶ್‌ಹಾಫ್ ಮತ್ತು ಬೇತ್ ವಿದ್ಯಾರ್ಥಿಗಳಿಂದ ಅಂದಾಜು ಬರೆಸಿಕೊಂಡರು. ಪ್ರವಾಸ ಮುಗಿದ ಮೇಲೆ ‘ನೀವು ಆಗ ಎಷ್ಟು ಬರೆದಿದ್ದಿರಿ’ ಎಂದು ಕೇಳಿದರೆ, ನಿಜವಾದ ಸಂಗತಿಗಳಿಗೆ ತಾವು ಮೊದಲೇ ಹೆಚ್ಚು ಅವಕಾಶ ಕೊಟ್ಟಿದ್ದೆವು ಎಂದೇ ಅವರು ನೆನಪಿಸಿಕೊಂಡರು. ‘ನನಗೆ ಆಗಲೇ ಗೊತ್ತಿತ್ತು’ ಎಂಬ ಮಾತಿನ ಹಿಂದೆ ಇರುವುದು ಇದು. ಬರೆದಿಟ್ಟ ಕಾಗದ ಇದ್ದುದರಿಂದ ಮಾತ್ರ ಅದು ಸಿಕ್ಕಿಬಿತ್ತು. ಪುಸ್ತಕ ಬೇಕಾಗಿರುವುದೂ ಅದಕ್ಕೇ.

ಎಡ ಪುಟ, ಬಲ ಪುಟ

ಇನ್ನೂರು ಪುಟದ ಲಾಂಗ್ ಬುಕ್ ಒಂದು ಸಾಕು. ಪೆನ್ನಿನಲ್ಲೇ ಬರೆಯಿರಿ, ಪೆನ್ಸಿಲ್ ಬೇಡ. ಎಡ ಪುಟ ಕೆಲಸಕ್ಕೆ ಮುಂಚೆ, ಬಲ ಪುಟ ಫಲ ಬಂದ ಮೇಲೆ. ಎಲ್ಲವನ್ನೂ ಬರೆಯಲು ಹೋದರೆ ತಿಂಗಳೊಳಗೆ ಪುಸ್ತಕ ಅಟ್ಟ ಸೇರುತ್ತದೆ. ಒಂದು ವಾರದ ಕೂಲಿ ಬಟವಾಡೆಗಿಂತ ಹೆಚ್ಚು ಖರ್ಚಾಗುವ ಅಥವಾ ಹಿಂದಕ್ಕೆ ತರಲಾಗದ ತೀರ್ಮಾನಗಳಷ್ಟೇ ಸಾಕು: ಗಿಡ ಕೀಳುವುದು, ನೆರಳು ಮರ ಕಡಿಸುವುದು, ತಳಿ ಬದಲಿಸುವುದು, ಸಾಲ, ಬೆಲೆಗಾಗಿ ಸರಕು ಹಿಡಿದಿಡುವುದು, ಹೊಸ ಔಷಧಿ. ವರ್ಷಕ್ಕೆ ಎಂಟು ಹತ್ತು ಆದರೆ ಹೆಚ್ಚು.

ಒಂದು ಎಡ ಪುಟ ಹೀಗಿರಬಹುದು:

*ಮಾರ್ಚ್ 5. ಕೆರೆ ಪಕ್ಕದ ಎರಡು ಎಕರೆ ಅರೇಬಿಕಾ ಕಾಫಿ. ಬೋರರ್ (ಕಾಂಡ ಕೊರೆಯುವ ದುಂಬಿ) ಹಿಡಿದ 70 ಗಿಡ ಸಿಕ್ಕಿವೆ, ತಿಂಗಳೊಳಗೆ ಎಲ್ಲವನ್ನೂ ಕಿತ್ತು ಸುಡುವುದು.*
*ನಿರೀಕ್ಷೆ: ಸೆಪ್ಟೆಂಬರ್ ಹುಡುಕಾಟದಲ್ಲಿ ಹೊಸದಾಗಿ 40ಕ್ಕಿಂತ ಕಡಿಮೆ. ನಂಬಿಕೆ ಹತ್ತಕ್ಕೆ ಏಳು.*
*ವಿರುದ್ಧ: ಪಕ್ಕದ ತೋಟದವರು ಕೀಳುತ್ತಿಲ್ಲ, ದುಂಬಿ ಅಲ್ಲಿಂದ ಬರಬಹುದು. ಹೋದ ವರ್ಷ ಮರಗಸಿ (ನೆರಳು ಮರದ ಕೊಂಬೆ ಸವರುವುದು) ಜಾಸ್ತಿಯಾಗಿ ಕಾಂಡದ ಮೇಲೆ ಬಿಸಿಲು ಬೀಳುತ್ತಿದೆ.*
*ಗೆರೆ: 100 ದಾಟಿದರೆ ಕೀಳುವುದೊಂದನ್ನೇ ನಂಬಿ ಕೂರುವುದಿಲ್ಲ. ನೆರಳು ಮರ ಹೆಚ್ಚಿಸುವುದು, ಕಾಂಡಕ್ಕೆ ಸುಣ್ಣ, ಮೋಹಕ ಬಲೆ (ವಾಸನೆಯಿಂದ ದುಂಬಿ ಸೆಳೆದು ಹಿಡಿಯುವುದು).*
*ನೋಡುವ ದಿನ: ಸೆಪ್ಟೆಂಬರ್ 20. ಎಣಿಸುವವರು: ರೈಟರ್ (ತೋಟದ ಲೆಕ್ಕ ಬರೆಯುವವರು). ನಾನಲ್ಲ.*

ಇದರಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ‘ವಿರುದ್ಧ’ ಮತ್ತು ‘ಗೆರೆ’. ಬಿಡಬಾರದವೂ ಇವೆರಡೇ. 1980ರಲ್ಲಿ ಕೋರಿಯಾಟ್, ಲಿಕ್ಟನ್‌ಸ್ಟೈನ್, ಫಿಶ್‌ಹಾಫ್ ನಡೆಸಿದ ಪ್ರಯೋಗಗಳಲ್ಲಿ ತಮ್ಮ ಉತ್ತರಕ್ಕೆ ವಿರುದ್ಧವಾದ ಕಾರಣ ಬರೆದವರ ಅತಿನಂಬಿಕೆ ತಗ್ಗಿತು. ಪರವಾದ ಕಾರಣ ಮಾತ್ರ ಬರೆದವರಲ್ಲಿ ಬದಲಾವಣೆ ಕಾಣಲಿಲ್ಲ. ಪರವಾದ ಕಾರಣ ಹೇಗೂ ತಲೆಯಲ್ಲಿ ತುಂಬಿರುತ್ತದೆ, ಬರೆದರೆ ಹೊಸದೇನೂ ಆಗದು. ವಿರುದ್ಧ ಎರಡು ಸಾಕು. ‘ದೇವರ ಇಚ್ಛೆ’, ‘ಮಳೆ ಕೈಕೊಡಬಹುದು’ ಎಂಬುವು ಲೆಕ್ಕಕ್ಕಿಲ್ಲ. ಈ ತೋಟದ, ಈ ಪಟ್ಟಿಯ (ತೋಟದ ತುಂಡಿನ), ಈ ವರ್ಷದ ಮಾತಾಗಿರಬೇಕು.

ಗೆರೆ ಎಂದರೆ ‘ಇಷ್ಟಾದರೆ ದಾರಿ ಬದಲಿಸುತ್ತೇನೆ’ ಎಂಬ ಅಂಕಿ. ಸಂಶೋಧಕ ಬ್ಯಾರಿ ಸ್ಟಾ 1976ರಲ್ಲಿ ತೋರಿಸಿದ್ದು: ನಷ್ಟದ ಯೋಜನೆಯನ್ನು ತಾವೇ ಆರಿಸಿದ್ದವರು ಅದರ ಮೇಲೆ ಮತ್ತೆ ಸುರಿದ ಹಣ, ಬೇರೆಯವರು ಆರಿಸಿದ್ದನ್ನು ಮುಂದುವರಿಸಿದವರು ಹಾಕಿದ್ದಕ್ಕಿಂತ ಹೆಚ್ಚು. ಮುಂಚೆಯೇ ಕನಿಷ್ಠ ಗುರಿ ಗೊತ್ತು ಮಾಡಿದ್ದರೆ ಈ ಹಠ ತಗ್ಗುತ್ತದೆ ಎಂಬುದು 1992ರಲ್ಲಿ ಸೈಮನ್‌ಸನ್ ಜೊತೆ ಅವನೇ ಮಾಡಿದ ಅಧ್ಯಯನದಲ್ಲಿ ಕಂಡಿತು. ಗೆರೆಗೆ ಅಂಕಿ, ತಾರೀಖು, ಮಾಡುವ ಕೆಲಸ ಮೂರೂ ಬೇಕು. ‘ಸರಿಹೋಗದಿದ್ದರೆ ನೋಡೋಣ’ ಎಂದು ಬರೆದರೆ ಪುಟ ಹರಿದು ಹಾಕಿದಂತೆಯೇ.

ಬೋರರ್ ಗಿಡ: ‘ಈ ಒಂದು ಬೆಳೆ ತೆಗೆದುಬಿಡೋಣ’

ಅರೇಬಿಕಾದ ಬಿಳಿ ಕಾಂಡಕೊರಕ ಈ ರೋಗಕ್ಕೆ (ಗಿಡದ್ದಲ್ಲ, ಮನಸ್ಸಿನದ್ದಕ್ಕೆ) ಅತ್ಯುತ್ತಮ ಉದಾಹರಣೆ. ಕಾಂಡದ ಮೇಲೆ ಉಬ್ಬಿದ ಗೆರೆ, ಎಲೆ ಹಳದಿ, ಆದರೂ ಗಿಡದಲ್ಲಿ ಕಾಯಿ ಕಾಣುತ್ತಿದೆ. ಕೀಳಲು ಮನಸ್ಸು ಬಾರದು. ನಾಲ್ಕೈದು ವರ್ಷ ಗೊಬ್ಬರ ಹಾಕಿ ಚಿಗುರು ತೆಗೆಸಿದ ಗಿಡ, ಈ ಕೊಯ್ಲು ಆಗಲಿ, ಜನವರಿಯಲ್ಲಿ ಕೀಳೋಣ ಎನಿಸುತ್ತದೆ.

ದುಂಬಿ ಕಾಂಡ ಕೊರೆದು ಹೊರಬಂದು ಹಾರುವ ಕಾಲ ಎರಡು: ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್. ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿ. ಅಂದರೆ ಕೊಯ್ಲಿಗಾಗಿ ಕಾದವನು ಒಳಗಿನ ದುಂಬಿಯನ್ನು ಅಷ್ಟೂ ಹೊರಗೆ ಬಿಟ್ಟು, ಅದು ಸುತ್ತಲಿನ ಗಿಡಗಳ ತೊಗಟೆಯಲ್ಲಿ ಮೊಟ್ಟೆ ಇಟ್ಟ ಮೇಲೆ ಖಾಲಿ ಗಿಡ ಕೀಳುತ್ತಾನೆ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಹಾರಾಟಕ್ಕೆ ಮುಂಚೆ, ಗಿಡ ಗುರುತಿಸಿ ಕಿತ್ತು ಸುಡಬೇಕು ಎಂದು ತಿಳಿದವರು ಹೇಳುವುದು ಇದಕ್ಕಾಗಿ. ಮರುವರ್ಷ ಸುತ್ತಲಿನ ಗಿಡಕ್ಕೂ ಹಬ್ಬಿದಾಗ ಅದೇ ಯಜಮಾನರು ಹೇಳುವುದು: ‘ಕೀಳೋದ್ರಿಂದ ಏನೂ ಉಪಯೋಗ ಇಲ್ಲ, ಕಿತ್ತಿದ್ವಲ್ಲ!’ ಕಿತ್ತದ್ದು ಯಾವ ತಿಂಗಳು ಎಂಬುದು ಎಡ ಪುಟದಲ್ಲಿ ಇಲ್ಲದಿದ್ದರೆ ಈ ಮಾತಿಗೆ ಎದುರಾಡುವವರೇ ಇರುವುದಿಲ್ಲ.

ಹಾಕಿದ ಖರ್ಚಿನ ಮೋಹ ಕಳೆಯಲು ಒಂದು ಪ್ರಶ್ನೆ ಉಪಯೋಗಕ್ಕೆ ಬರುತ್ತದೆ. ಈ ಪಟ್ಟಿಯನ್ನು ಇವತ್ತೇ ಹೀಗೇ, ಬೋರರ್ ಸಮೇತ ಕೊಂಡಿದ್ದರೆ ಈ ಗಿಡ ಇಟ್ಟುಕೊಳ್ಳುತ್ತಿದ್ದೆನೇ? ಇಲ್ಲ ಎಂದಾದರೆ ಕೀಳಿಸಿ. ಹಿಂದೆ ಹಾಕಿದ ಗೊಬ್ಬರ ಆ ಲೆಕ್ಕದಲ್ಲಿ ಬರುವುದಿಲ್ಲ.

ಮಳೆಯೋ ಮನುಷ್ಯನೋ

ಮಳೆಯ ತಲೆಗೆ ಕಟ್ಟುವುದು ನಮ್ಮೂರಿನ ಸ್ವತ್ತೇನಲ್ಲ. 1845ರಲ್ಲಿ ಐರ್ಲೆಂಡ್, ಇಂಗ್ಲೆಂಡಿನಲ್ಲಿ ಆಲೂಗಡ್ಡೆ ಕೊಳೆತಾಗ ಇಂಗ್ಲೆಂಡಿನ ದೊಡ್ಡ ಸಸ್ಯವಿಜ್ಞಾನಿ ಜಾನ್ ಲಿಂಡ್ಲಿ, ಸತತ ಮಳೆಯಿಂದ ಗಿಡ ನೀರು ತುಂಬಿಕೊಂಡು ಕೊಳೆಯಿತು, ಶಿಲೀಂಧ್ರ ಬಂದದ್ದು ಆಮೇಲೆ ಎಂದು ವಾದಿಸಿದ. ಪಾದ್ರಿಯಾಗಿದ್ದ ಮೈಲ್ಸ್ ಬರ್ಕ್‌ಲಿ 1846ರಲ್ಲಿ ಶಿಲೀಂಧ್ರವೇ ಕಾರಣ ಎಂದ. ಜರ್ಮನಿಯ ಆಂಟನ್ ಡಿ ಬರಿ 1861ರಲ್ಲಿ ಅದನ್ನು ಪ್ರಯೋಗದಿಂದ ತೋರಿಸುವವರೆಗೆ ವಾದ ತೀರಲಿಲ್ಲ. ಹಾಸನದ ಆಲೂಗಡ್ಡೆ ಹೊಲಕ್ಕೆ ಮೋಡ ಕವಿದ ತಂಪು ಹವೆಯಲ್ಲಿ ಬರುವ ಅಂಗಮಾರಿ ಅದೇ ರೋಗ. ಲಿಂಡ್ಲಿ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಒದ್ದೆ ಹವೆ ಇಲ್ಲದೆ ಈ ರೋಗ ಹರಡದು. ಗಟ್ಟಿ ನೆಪಗಳಲ್ಲಿ ಯಾವಾಗಲೂ ಅರ್ಧ ಸತ್ಯ ಇರುತ್ತದೆ, ಅದರಿಂದಲೇ ಅವು ಬಾಳುತ್ತವೆ. ಆದರೆ ಮಳೆ ಕಾರಣ ಎಂದವನಿಗೆ ಮಾಡಲು ಕೆಲಸವಿಲ್ಲ. ಶಿಲೀಂಧ್ರ ಎಂದವನಿಗೆ, ರೋಗ ಕಾಣುವ ಮುಂಚೆಯೇ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಹೊಡೆಯುವ ದಿನ ಯಾವುದು ಎಂಬ ಪ್ರಶ್ನೆ ಉಳಿಯುತ್ತದೆ. ಬಲ ಪುಟದಲ್ಲಿ ಕಾರಣ ಬರೆಯುವಾಗ ಇದನ್ನೇ ಪರೀಕ್ಷೆಯಾಗಿ ಬಳಸಿ: ನೀವು ಬರೆದ ಕಾರಣ ಮುಂದಿನ ವರ್ಷ ಮಾಡಬೇಕಾದ ಒಂದಾದರೂ ಕೆಲಸ ಹೇಳುತ್ತದೆಯೇ?

ಇದೇ ಬರ್ಕ್‌ಲಿ 1869ರಲ್ಲಿ ಸಿಲೋನಿನಿಂದ (ಇಂದಿನ ಶ್ರೀಲಂಕಾ) ಬಂದ ಕಾಫಿ ಎಲೆ ನೋಡಿ, ಬ್ರೂಮ್ ಎಂಬುವನ ಜೊತೆ ಎಲೆತುಕ್ಕು ರೋಗದ ಶಿಲೀಂಧ್ರಕ್ಕೆ ಹೆಸರಿಟ್ಟ. ಅಲ್ಲಿನ ಪ್ಲಾಂಟರುಗಳು 1870ರ ದಶಕದಲ್ಲಿ, ಎಕರೆಯ ಇಳುವರಿ ಬೀಳುತ್ತಿದ್ದರೂ ಬೆಲೆ ಏರಿದ ಧೈರ್ಯಕ್ಕೆ ಹೊಸ ಕಾಡು ಕಡಿದು ಕಾಫಿ ಹಾಕುತ್ತಲೇ ಹೋದರು. ಸಿಲೋನ್ ಕೊನೆಗೆ ಚಹಾಕ್ಕೆ ತಿರುಗಿತು. ಒಳ್ಳೆಯ ಬೆಲೆಯಷ್ಟು ತಪ್ಪನ್ನು ಮುಚ್ಚುವುದು ಬೇರೊಂದಿಲ್ಲ, ಹಾಗಾಗಿ ಬಲ ಪುಟದಲ್ಲಿ ರೂಪಾಯಿಯ ಜೊತೆ ಎಕರೆಗೆ ಎಷ್ಟು ಮೂಟೆ ಎಂಬುದನ್ನೂ ಬರೆಯಬೇಕು. ರೂಪಾಯಿ ಒಂದನ್ನೇ ಬರೆದರೆ ಬೆಲೆ ಏರಿದ ವರ್ಷ ಎಲ್ಲರೂ ಜಾಣರೇ.

ಕೊಪ್ಪ, ಶೃಂಗೇರಿ ಕಡೆಯ ಕೊಳೆಗೆ ಬಂದರೆ, ಎಡ ಪುಟದಲ್ಲಿ ಇರಬೇಕಾದವು: ಮೊದಲ ಬೋರ್ಡೋ ಮುಂಗಾರು ಹಿಡಿಯುವ ಮುಂಚೆ ಯಾವ ತಾರೀಖು, ಎರಡನೆಯದು ಅದಾಗಿ 40–45 ದಿನಕ್ಕೆ ಆಯಿತೋ ಇಲ್ಲವೋ, ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ ಮತ್ತು ಒಂದು ಕೆ.ಜಿ. ಸುಣ್ಣ ತೂಗಿ ಹಾಕಿದ್ದೋ ಕಣ್ಣಂದಾಜೋ, ಚಾಕು ಪರೀಕ್ಷೆಯ ಫಲ, ಬೆರೆಸಿದ ದಿನವೇ ಹೊಡೆದು ಮುಗಿಸಿತೇ. ಉಜ್ಜಿ ಹೊಳಪಾಗಿಸಿದ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ತಾಮ್ರ ಹತ್ತಿದ್ದರೆ ಸುಣ್ಣ ಸಾಲದು. ಈ ಐದೂ ಸರಿ ಇದ್ದು ಕೊಳೆ ಬಂದರೆ ಮಳೆಯನ್ನು ಬೈಯಿರಿ, ತಪ್ಪಿಲ್ಲ.

ಹೊಡೆಯದೆ ಬಿಟ್ಟ ಸಾಲು

ಅಂಗಡಿಯವರು ಕೊಟ್ಟ ಟಾನಿಕ್ ಕೆಲಸ ಮಾಡಿತೇ ಎಂದು ತಿಳಿಯಲು ಹೋದ ವರ್ಷದ ಬೆಳೆಗೆ ಹೋಲಿಸುವುದು ನಿಷ್ಪ್ರಯೋಜಕ. ಅರೇಬಿಕಾ ಒಂದು ವರ್ಷ ಹೊರುತ್ತದೆ, ಮರುವರ್ಷ ಸುಸ್ತಾಗುತ್ತದೆ. ಕಡಿಮೆ ಬಂದ ವರ್ಷ ನೊಂದು ಟಾನಿಕ್ ಹೊಡೆದವನಿಗೆ ಮರುವರ್ಷ ಹೇಗೂ ಹೆಚ್ಚು ಬರುತ್ತದೆ, ಶಹಬ್ಬಾಸ್‌ಗಿರಿ ಬಾಟಲಿಗೆ. ಅದೇ ಇಳಿಜಾರು, ಅದೇ ವಯಸ್ಸು, ಅದೇ ನೆರಳಿನಲ್ಲಿ ನಾಲ್ಕು ಸಾಲು ಹೊಡೆಯದೆ ಬಿಡಿ. ಗಾಳಿಗೆ ಔಷಧಿ ತೇಲಿ ಬರುವುದರಿಂದ ಅಂಚಿನ ಎರಡು ಸಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ, ಒಳಗಿನ ಎರಡರಲ್ಲಿ ಹತ್ತು ಗಿಡಕ್ಕೆ ಬಣ್ಣದ ಗುರುತು. ಹೊಡೆದ ಕಡೆಯೂ ಹತ್ತು. ಹಣ್ಣು ಬೇರೆ ಬೇರೆ ತೂಗಲಿ, ತೂಗುವವರಿಗೆ ಯಾವುದು ಯಾವುದೆಂದು ಹೇಳಬೇಡಿ.

ಫಲ ಬಂದಾಗ ನಿಮಗೆ ನೀವೇ ಕೇಳಿಕೊಳ್ಳಿ: ಇದೇ ತೂಕ ತಿರುಗುಮುರುಗಾಗಿ ಬಂದಿದ್ದರೆ ಈ ಪರೀಕ್ಷೆಯನ್ನು ಒಪ್ಪುತ್ತಿದ್ದೆನೇ, ಅಥವಾ ‘ಹತ್ತು ಗಿಡದಲ್ಲಿ ಏನು ಗೊತ್ತಾಗುತ್ತೆ’ ಎನ್ನುತ್ತಿದ್ದೆನೇ? 1984ರಲ್ಲಿ ಲಾರ್ಡ್, ಲೆಪರ್, ಪ್ರೆಸ್ಟನ್ ಮರಣದಂಡನೆಯ ಪರ, ವಿರೋಧದ ಜನರಿಗೆ ಅಧ್ಯಯನಗಳನ್ನು ಓದಲು ಕೊಟ್ಟಾಗ ‘ನಿಷ್ಪಕ್ಷಪಾತವಾಗಿ ಓದಿ’ ಎಂದು ಹೇಳಿದ್ದರಿಂದ ಏನೂ ಆಗಲಿಲ್ಲ. ಹೀಗೆ ತಿರುಗಿಸಿ ಯೋಚಿಸಲು ಹೇಳಿದಾಗ ಪಕ್ಷಪಾತ ತಗ್ಗಿತು. ‘ಸ್ವಲ್ಪ ಬಿಚ್ಚು ಮನಸ್ಸಿನಿಂದ ನೋಡಪ್ಪ’ ಎಂದು ಇನ್ನೊಬ್ಬರಿಗೆ ಹೇಳುವ ಮುಂಚೆ ಇದನ್ನು ನೆನೆಯಬಹುದು.

ಮನೆಯಲ್ಲಿ ಹಿರಿಯರ ಜೊತೆ

ಮಗ ಹೇಳಿದ್ದು ಸರಿಯಾದಷ್ಟೂ ಅಪ್ಪ ಬಿಗಿಯಾಗುತ್ತಾರೆ. ನಷ್ಟ ಕಂಡ ದಿನ, ಆಳುಗಳ ಮುಂದೆ, ನೆಂಟರು ಬಂದಾಗ ಈ ಮಾತು ಎತ್ತಲೇಬಾರದು. ‘ನಾನು ಆಗಲೇ ಹೇಳಿದ್ದೆ’ ಎಂದರೆ ಆ ವರ್ಷದ ಚರ್ಚೆ ಮುಗಿಯಿತು. ಕಾಫಿ ಕುಡಿಯುತ್ತಾ ಜಗಲಿಯಲ್ಲಿ ಇಬ್ಬರೇ ಇದ್ದಾಗ ಕೇಳುವ ಪ್ರಶ್ನೆ ಅಂಕಿಯದ್ದಾಗಿರಲಿ:

‘ಅಪ್ಪಾ, ಸೆಪ್ಟೆಂಬರಲ್ಲಿ ಎಷ್ಟು ಗಿಡ ಸಿಕ್ಕಿದ್ರೆ ಕೈಮೀರ್ತು ಅಂತೀರಿ?’
‘ಅಷ್ಟೆಲ್ಲ ಸಿಗಲ್ಲ ಬಿಡೋ.’
‘ಸಿಗದೇ ಇರ್ಲಿ. ಸಿಕ್ಕಿದ್ರೆ?’
‘ನೂರು ಸಿಕ್ಕಿದ್ರೆ ನೋಡೋಣ.’
‘ಬರ್ದಿಡ್ತೀರಾ ಇಲ್ಲಿ?’

ಅವರ ಕೈಯಲ್ಲೇ ಬರೆಸಿ. ಆಮೇಲೆ ಸೆಪ್ಟೆಂಬರಿನವರೆಗೆ ಆ ವಿಷಯ ಬೇಡ. ಗೆರೆ ದಾಟಿದಾಗ ಅವರು ಮಗನಿಗೆ ಸೋಲುವುದಿಲ್ಲ, ತಮ್ಮದೇ ಅಂಕಿಯ ಮಾತು ಕೇಳುತ್ತಾರೆ. ಹಳೆಯ ತೀರ್ಮಾನಕ್ಕೆ ಆಗ ನಿಜಕ್ಕೂ ಕಾರಣವಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ: ‘ಆಗಿನ ಕೂಲಿಗೆ, ಆಗಿನ ಬೆಲೆಗೆ ಅರೇಬಿಕಾ ಸರಿಯೇ ಇತ್ತು.’ ಇಲ್ಲದ ಕಾರಣ ಹೊಸೆಯಬೇಡಿ, ಹಿರಿಯರಿಗೆ ಮುಖಸ್ತುತಿ ಬೇಗ ಗೊತ್ತಾಗುತ್ತದೆ.

ರೈಟರ್ ಮತ್ತು ಮೇಸ್ತ್ರಿಯ ವಿಷಯದಲ್ಲಿ ತೊಂದರೆ ಉಲ್ಟಾ. ಗೌಡರು ಹೇಳಿದ್ದಕ್ಕೆ ಅವರು ಹೂಂ ಎನ್ನುತ್ತಾರೆ. ‘ಸರಿ ಇದೆಯಾ?’ ಎಂದು ಕೇಳಿದರೆ ‘ಸರಿ ಇದೆ ಗೌಡ್ರೇ’ ಎಂಬುದೇ ಉತ್ತರ. ‘ಇದು ಕೆಟ್ಟರೆ ಯಾತರಿಂದ ಕೆಡುತ್ತೆ?’ ಎಂದು ಕೇಳಿ, ಬಂದ ಉತ್ತರವನ್ನು ‘ವಿರುದ್ಧ’ ಜಾಗದಲ್ಲಿ ಅವರೆದುರೇ ಬರೆದರೆ ಮುಂದಿನ ಸಲ ಇನ್ನಷ್ಟು ಹೇಳುತ್ತಾರೆ.

ಪುಸ್ತಕ ಕೆಡುವ ಬಗೆಗಳು

ಗೆರೆಯನ್ನು ಆಮೇಲೆ ಸರಿಸುವುದು ಮೊದಲನೆಯದು. 100 ದಾಟಿದ ಮೇಲೆ ‘ಅದರಲ್ಲಿ ಇಪ್ಪತ್ತು ಅನುಮಾನದ ಗಿಡ’ ಎನಿಸುತ್ತದೆ. ಹಳೆಯ ಅಂಕಿಯನ್ನು ಹೊಡೆದುಹಾಕದೆ, ಪಕ್ಕದಲ್ಲಿ ತಾರೀಖು ಹಾಕಿ ಹೊಸದನ್ನು ಬರೆಯಬಹುದು, ಒಂದೇ ಸಲ.

ಫಲವನ್ನು ನೋಡಿ ತೀರ್ಮಾನವನ್ನು ಅಳೆಯುವುದು ಎರಡನೆಯದು. ಸರಿಯಾಗಿ ಯೋಚಿಸಿ ಮಾಡಿದ್ದು ಕೆಡಬಹುದು, ಔಷಧಿಯೇ ಹೊಡೆಯದ ಆಲೂಗಡ್ಡೆ ಒಣ ಹವೆಯ ವರ್ಷ ಚೆನ್ನಾಗಿ ಬರಬಹುದು. ಬಲ ಪುಟದಲ್ಲಿ ‘ಫಲ’ ಮತ್ತು ‘ಆಗ ಗೊತ್ತಿದ್ದಷ್ಟರಲ್ಲಿ ಸರಿಯೇ?’ ಎಂದು ಎರಡು ಸಾಲು ಬೇರೆ ಇಡಿ. ಎರಡು ಮೂರು ವರ್ಷ ಕಳೆದ ಮೇಲೆ ‘ಹತ್ತಕ್ಕೆ ಏಳು’ ಎಂದು ಬರೆದವನ್ನೆಲ್ಲ ಒಟ್ಟುಮಾಡಿ. ಹತ್ತರಲ್ಲಿ ನಾಲ್ಕೇ ನಿಜವಾಗಿದ್ದರೆ ನಿಮ್ಮ ಏಳು ಎಂದರೆ ನಾಲ್ಕು.

ಅವಸರವೂ ಒಂದು ದೋಷ. ಕಾಫಿ ಗಿಡವಾಗಲಿ ಮೆಣಸಿನ ಬಳ್ಳಿಯಾಗಲಿ ಮೂರು ನಾಲ್ಕು ವರ್ಷ ಕೇಳುತ್ತವೆ. ಒಂದು ಕೆಟ್ಟ ವರ್ಷಕ್ಕೆ ತಳಿ ಬದಲಿಸುವವನು ಮನಸ್ಸು ತೆರೆದವನಲ್ಲ, ಹೆದರಿದವನು. ನೋಡುವ ತಾರೀಖು ಬೆಳೆಯ ವಯಸ್ಸಿಗೆ ಹೊಂದಿರಬೇಕು.

ಗಂಡ ಹೆಂಡಿರ ಜಗಳದಲ್ಲಿ ಪುಸ್ತಕ ತೆರೆದರೆ ಮರುದಿನದಿಂದ ಯಾರೂ ನಿಜ ಬರೆಯುವುದಿಲ್ಲ. ಅದಕ್ಕೆ ನಿಯಮ ಬೇಡ, ಎಚ್ಚರ ಸಾಕು.

ಮಾರಾಟದ ಪುಟಕ್ಕೆ ಮಾತ್ರ ಬೇರೆ ಜಾಗ್ರತೆ. 2015ರ ಸುಮಾರಿಗೆ ಕೆ.ಜಿ.ಗೆ 700 ರೂಪಾಯಿಯ ಆಸುಪಾಸು ಕಂಡ ಕಾಳುಮೆಣಸು ಮೂರ್ನಾಲ್ಕು ವರ್ಷದಲ್ಲಿ ಅದರ ಅರ್ಧದಷ್ಟಕ್ಕೆ ಬಂತು. 700 ನೋಡಿದ ಕಣ್ಣಿಗೆ 600 ನಷ್ಟ, 500 ಅವಮಾನ, ಹಾಗೆ ಹಿಡಿದಿಟ್ಟವರು ಹಲವರು. ಕೊಯ್ಲು ಒಣಗಿದ ದಿನವೇ ಸರಕನ್ನು ಮೂರು ಪಾಲು ಮಾಡಿ. ಒಂದು ಪಾಲು ಖರ್ಚಿಗೆ ತಕ್ಷಣ, ಒಂದಕ್ಕೆ ತಾರೀಖು, ಒಂದಕ್ಕೆ ಬೆಲೆ ಮತ್ತು ತಾರೀಖು ಎರಡೂ ಬರೆಯಿರಿ. ಯಾವುದು ಮೊದಲು ಬರುತ್ತದೋ ಆಗ ಮಾರುವುದು. ಈ ಪುಟವನ್ನು ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲ್ ಇಡುವ ಮೇಜಿನ ಮೇಲೆ ಬಿಡಬೇಡಿ. ನೀವು ಯಾವ ದಿನ, ಯಾವ ಬೆಲೆಗೆ ಮಾರಲೇಬೇಕೆಂದು ಬರೆದುಕೊಂಡಿದ್ದೀರಿ ಎಂಬುದು ಕಣಕ್ಕೆ ಬಂದ ವ್ಯಾಪಾರಿಯ ಕಣ್ಣಿಗೆ ಬಿದ್ದರೆ ಅವನು ಆ ದಿನದವರೆಗೂ ಕಾಯುತ್ತಾನೆ.